‘ದಿ ಡ್ರಾಪ್‌ಔಟ್’ ಸರಣಿ: ರಕ್ತ ತೆಗೆಯುವವಳನ್ನು ಜನ ಪದೇ ಪದೇ ಕೇಳಿದ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹದಿನೆಂಟು ವರ್ಷದಿಂದ ಬೆಳಗ್ಗೆ ಏಳು ಗಂಟೆಗೆ ಸೂಜಿ ಹಿಡಿಯುತ್ತಿದ್ದೇನೆ. ‘ದಿ ಡ್ರಾಪ್‌ಔಟ್’ ನೋಡಿದವರು, ಅರ್ಧ ನೋಡಿ ಬಿಟ್ಟವರು, ಹೆಸರು ಮಾತ್ರ ಕೇಳಿದವರು ಎಲ್ಲರೂ ನನ್ನನ್ನು ಕೇಳುತ್ತಾರೆ. ನನ್ನ ಕೆಲಸವೇ ಅದು ಅಲ್ವಾ, ಅದಕ್ಕೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಕಥೆ ಪೂರ್ತಿ ಬಿಚ್ಚಿಟ್ಟಿದ್ದೇನೆ. ಕೊನೆ ಗೊತ್ತಾಗಬಾರದು ಅನ್ನುವವರು ಮೊದಲು ಸರಣಿ ನೋಡಿ ಬನ್ನಿ.

ಇದು ಯಾರ ಕಥೆ?

ಎಲಿಜಬೆತ್ ಹೋಮ್ಸ್ ಎಂಬ ಅಮೆರಿಕದ ಉದ್ಯಮಿಯದು. ಆಕೆ ಹುಟ್ಟಿದ್ದು 1984ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ, 19ನೇ ವಯಸ್ಸಿನಲ್ಲಿ, ಕಂಪನಿ ಶುರು ಮಾಡಿ ಓದು ಬಿಟ್ಟಳು. ಸರಣಿಯ ಹೆಸರು ಅದರಿಂದಲೇ ಬಂದಿದ್ದು. ಕಂಪನಿಯ ಹೆಸರು ಥೆರಾನೋಸ್, ರಕ್ತ ಪರೀಕ್ಷೆಯದು. 2014ರ ಹೊತ್ತಿಗೆ ಅದರ ಬೆಲೆ 900 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. ಅರ್ಧ ಶೇರು ಆಕೆಯದೇ. ಹಾಗಾಗಿ ಸ್ವಂತ ದುಡಿಮೆಯಲ್ಲಿ ಶತಕೋಟಿ ಡಾಲರ್ ಒಡತಿಯಾದ ಅತಿ ಚಿಕ್ಕ ವಯಸ್ಸಿನ ಹೆಣ್ಣುಮಗಳು ಅಂತ ಫೋರ್ಬ್ಸ್ ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬಂತು. ಕಪ್ಪು ಟರ್ಟಲ್‌ನೆಕ್ ಬಟ್ಟೆ, ಕೆಂಪು ಲಿಪ್‌ಸ್ಟಿಕ್, ರೆಪ್ಪೆ ಬಡಿಯದ ದೊಡ್ಡ ಕಣ್ಣು. ಎರಡೇ ವರ್ಷದಲ್ಲಿ, ಕಂಪನಿಯ ಮೋಸ ಬಯಲಾದ ಮೇಲೆ, ಅದೇ ಪತ್ರಿಕೆ ಆಕೆಯ ಆಸ್ತಿಯನ್ನು ಸೊನ್ನೆ ಅಂತ ಬರೆಯಿತು.

ಎಷ್ಟು ಕಂತು? ಎಲ್ಲಿ ನೋಡಬಹುದು?

ಎಂಟು ಕಂತು. ಅಮೆರಿಕದಲ್ಲಿ ಹುಲು ವೇದಿಕೆಯಲ್ಲಿ 2022ರ ಮಾರ್ಚ್ 3ಕ್ಕೆ ಮೊದಲ ಮೂರು ಕಂತು ಬಂದವು. ಆಮೇಲೆ ವಾರಕ್ಕೊಂದರಂತೆ ಏಪ್ರಿಲ್ 7ರವರೆಗೆ. ನಮ್ಮಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂತು. ಎಬಿಸಿ ನ್ಯೂಸ್‌ನ ವರದಿಗಾರ್ತಿ ರೆಬೆಕಾ ಜಾರ್ವಿಸ್ ಅದೇ ಹೆಸರಿನಲ್ಲಿ ಮಾಡಿದ ಪಾಡ್‌ಕಾಸ್ಟ್ ಇದಕ್ಕೆ ಮೂಲ. ಸರಣಿಯನ್ನು ಕಟ್ಟಿದವರು ಎಲಿಜಬೆತ್ ಮೆರಿವೆದರ್. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಮಾತು ಬಹಳ ಜೋರಾಗಿ ಓಡುತ್ತದೆ.

ಥೆರಾನೋಸ್ ಏನು ಮಾಡುತ್ತೇವೆ ಅಂತ ಹೇಳಿತ್ತು?

ತೋಳಿಗೆ ಸೂಜಿ ಬೇಡ. ಬೆರಳ ತುದಿ ಚುಚ್ಚಿ, ಒಂದೆರಡು ಹನಿ ಹಿಡಿದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಟ್ಯೂಬ್‌ನಲ್ಲಿ ಹಾಕಿ. ಅದರಿಂದಲೇ ಇನ್ನೂರಕ್ಕೂ ಹೆಚ್ಚು ಪರೀಕ್ಷೆ ಮಾಡಿಕೊಡುತ್ತೇವೆ, ಅದೂ ಅರ್ಧ ಬೆಲೆಗೆ. ಇದು ಅವರ ಮಾತು. ಆ ಟ್ಯೂಬ್‌ಗೆ ‘ನ್ಯಾನೋಟೈನರ್’ ಅಂತ ಹೆಸರಿಟ್ಟರು, ಯಂತ್ರಕ್ಕೆ ‘ಎಡಿಸನ್’ ಅಂತ.

ಆಸೆ ಕೆಟ್ಟದ್ದಲ್ಲ. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಕೀಮೋ ತೆಗೆದುಕೊಂಡು ನರವೆಲ್ಲ ಗಟ್ಟಿಯಾದವರ ಕೈಯಲ್ಲಿ ಮೂರು ಸಲ ಚುಚ್ಚಿ ನಾಲ್ಕನೇ ಸಲಕ್ಕೆ ಜಾಗ ಹುಡುಕುವಾಗ ನನಗೂ ಅನ್ನಿಸಿದೆ, ಒಂದು ಹನಿ ಸಾಕು ಅನ್ನುವ ಯಂತ್ರವೊಂದು ಇದ್ದಿದ್ದರೆ ಅಂತ. ನಮ್ಮ ಲ್ಯಾಬಿಗೆ ಬರುವ ಒಬ್ಬ ಅಜ್ಜ ಪ್ರತಿ ತಿಂಗಳೂ ಕೇಳುತ್ತಾರೆ, “ಬೆರಳಲ್ಲೇ ಒಂದು ಹನಿ ತಗೊಂಡ್ರೆ ಆಗಲ್ವೇನಮ್ಮಾ?” ಅಂತ. ಕೈಯನ್ನು ಬಿಸಿನೀರಿನ ಬಾಟಲಿ ಮೇಲೆ ಐದು ನಿಮಿಷ ಇಡಿಸಿ, ಮೊಣಕೈ ಒಳಗೆ ಬೆರಳಾಡಿಸಿ ನರ ಹುಡುಕುತ್ತೇನೆ. ಈ ಸರಣಿ ನೋಡುವಾಗ ಆ ಅಜ್ಜನ ಕೈ ಕಣ್ಣ ಮುಂದೆ ಬಂತು. ಜನ ಈ ಕನಸನ್ನು ಯಾಕೆ ನಂಬಿದರು ಅಂತ ಆಗ ಗೊತ್ತಾಯಿತು.

ಒಂದು ಹನಿಯಲ್ಲಿ ಯಾಕೆ ಆಗಲ್ಲ?

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಸರಣಿಯಲ್ಲಿ ಇದಕ್ಕೆ ಬಿಡಿಸಿ ಉತ್ತರ ಕೊಟ್ಟಿಲ್ಲ. ಸ್ಟ್ಯಾನ್‌ಫರ್ಡ್‌ನ ವೈದ್ಯೆ ಫಿಲಿಸ್ ಗಾರ್ಡ್‌ನರ್, “ಇದು ಆಗುವ ಕೆಲಸವಲ್ಲ” ಅಂತ ಆ ಹುಡುಗಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ನಿಜ ಜೀವನದಲ್ಲೂ ಅವರು ಆಕೆಗೆ ಬುದ್ಧಿ ಹೇಳಿದ್ದರು. ಆದರೆ ಯಾಕೆ ಆಗಲ್ಲ ಅನ್ನುವುದು ನಮ್ಮಂಥವರಿಗೆ ದಿನಾ ಕೈಯಲ್ಲೇ ಗೊತ್ತಾಗುತ್ತದೆ.

ಬೆಳಗ್ಗೆ ನಿಮ್ಮ ರಕ್ತ ತೆಗೆದಾಗ ನಾನು ಎರಡು ಮೂರು ಟ್ಯೂಬ್ ತುಂಬಿಸುತ್ತೇನೆ ಅಲ್ವಾ? ಸುಮ್ನೆ ಅಲ್ಲ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮದ್ದು ಇರುತ್ತದೆ. ಬಿಳಿ ಕಣ, ಕೆಂಪು ಕಣ ಎಣಿಸುವುದಕ್ಕೆ ಅದು. ಬೂದು ಮುಚ್ಚಳದ್ದು ಶುಗರ್‌ಗೆ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟಬೇಕು. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಮೇಲೆ ನಿಲ್ಲುವ ತಿಳಿಯನ್ನು ತೆಗೆದುಕೊಳ್ಳುತ್ತೇವೆ. ಥೈರಾಯ್ಡ್, ಲಿವರ್, ಕಿಡ್ನಿ ಎಲ್ಲ ಅದರಲ್ಲಿ. ಒಂದೊಂದು ಪರೀಕ್ಷೆಯ ದಾರಿಯೇ ಬೇರೆ. ಕಣ ಎಣಿಸುವ ಕೆಲಸಕ್ಕೂ ಹಾರ್ಮೋನ್ ಅಳೆಯುವ ಕೆಲಸಕ್ಕೂ ಸಂಬಂಧವೇ ಇಲ್ಲ. ಎರಡು ಹನಿಯನ್ನು ಇಷ್ಟೆಲ್ಲಕ್ಕೆ ಹಂಚಿದರೆ ಒಂದೊಂದಕ್ಕೂ ಉಳಿಯುವುದು ಎಷ್ಟು? ನೀರು ಬೆರೆಸಿ ಹೆಚ್ಚಿಸಬೇಕಾಗುತ್ತದೆ. ಹಾಗೆ ತೆಳು ಮಾಡಿದಾಗ, ಮೊದಲೇ ಚೂರೇ ಚೂರು ಇರುವ ಹಾರ್ಮೋನ್ ಇನ್ನೂ ಚೂರಾಗುತ್ತದೆ. ಅಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ರಿಪೋರ್ಟ್‌ನಲ್ಲಿ ಅದು ದೊಡ್ಡ ತಪ್ಪಾಗಿ ಬರುತ್ತದೆ.

ಇನ್ನೊಂದು ಇದೆ. ಬೆರಳ ತುದಿಯಿಂದ ಬರುವುದು ಬರೀ ರಕ್ತ ಅಲ್ಲ. ಚರ್ಮದ ಕೆಳಗಿನ ನೀರೂ ಸೇರಿಕೊಳ್ಳುತ್ತದೆ. ಹನಿ ಬರದಿದ್ದರೆ ಹಿಂಡುತ್ತೇವೆ. ಹಿಂಡಿದಾಗ ಕೆಂಪು ಕಣ ಒಡೆಯುತ್ತದೆ. ಕಣದ ಒಳಗೆ ಪೊಟ್ಯಾಸಿಯಂ ತುಂಬಿರುತ್ತದೆ. ಅದು ಹೊರಗೆ ಚೆಲ್ಲಿದರೆ ಗಟ್ಟಿಮುಟ್ಟಾದವರ ರಿಪೋರ್ಟ್‌ನಲ್ಲೂ ಪೊಟ್ಯಾಸಿಯಂ ಮೇಲೆ ಹೋಗುತ್ತದೆ.

ಇದನ್ನು ನಾನು ಪಾಠ ಓದಿ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಆಗ ಇದ್ದ ಲ್ಯಾಬ್‌ನಲ್ಲಿ, ಒಬ್ಬರಿಗೆ ಸಣ್ಣ ಸೂಜಿ ಹಾಕಿ ಸಿರಿಂಜನ್ನು ಜೋರಾಗಿ ಎಳೆದುಬಿಟ್ಟೆ. ಹಳದಿ ಇರಬೇಕಾದ ತಿಳಿ ದಾಸವಾಳದ ಬಣ್ಣಕ್ಕೆ ಬಂದಿತ್ತು. ನೋಡಿದೆ, ಆದರೂ ಯಂತ್ರಕ್ಕೆ ಹಾಕಿ ಓಡಿಸಿದೆ. ಪೊಟ್ಯಾಸಿಯಂ 6.8 ಬಂತು. ಐದರ ಆಸುಪಾಸಿನೊಳಗೆ ಇರಬೇಕು ಅದು. ಏಳರ ಹತ್ತಿರ ಹೋದರೆ ಹೃದಯ ನಿಂತುಹೋಗುವ ಭಯ. ರಾತ್ರೋರಾತ್ರಿ ಆ ಮನುಷ್ಯನನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ 4.3. ಮಾರನೇ ದಿನ ಅವರ ಹೆಂಡತಿ ಬಂದು ಕೌಂಟರ್ ಹತ್ತಿರ ನಿಂತರು. ಬೈಯಲಿಲ್ಲ. “ನಿನ್ನೆ ರಾತ್ರಿ ಪೂರ್ತಿ ನಾವ್ಯಾರೂ ಮಲಗಿಲ್ಲಮ್ಮ” ಅಂದರು, ಅಷ್ಟೇ. ಆಮೇಲಿಂದ ಕೆಂಪಾದ ತಿಳಿಯನ್ನು ನಾನು ಒಂದು ದಿನವೂ ಓಡಿಸಿಲ್ಲ. ಥೆರಾನೋಸ್ ಲ್ಯಾಬ್‌ನಲ್ಲೂ ಪೊಟ್ಯಾಸಿಯಂ ದೊಡ್ಡ ತಲೆನೋವಾಗಿತ್ತು ಅಂತ ಆಮೇಲೆ ಓದಿದಾಗ ಮೈ ಜುಮ್ಮೆಂದಿತು.

ಹಾಗಾದರೆ ಮನೆಯಲ್ಲಿ ಶುಗರ್ ನೋಡುವ ಯಂತ್ರ?

ಅದು ಸರಿಯೇ. ಅದು ಅಳೆಯುವುದು ಒಂದನ್ನೇ, ಗ್ಲುಕೋಸ್. ರಕ್ತದಲ್ಲಿ ಗ್ಲುಕೋಸ್ ಬೇಕಾದಷ್ಟು ಇರುತ್ತದೆ, ಒಂದು ಹನಿ ಸಾಕು. ಸ್ವಲ್ಪ ಆಚೀಚೆ ಬಂದರೂ ಗುಳಿಗೆ ಎಷ್ಟು ಅನ್ನುವುದಕ್ಕೆ ದೊಡ್ಡ ತೊಂದರೆ ಇಲ್ಲ.

ಯಂತ್ರವೇ ಸರಿ ಇಲ್ಲದಿದ್ದರೆ ರಿಪೋರ್ಟ್ ಹೇಗೆ ಕೊಡುತ್ತಿದ್ದರು?

ಎಡಿಸನ್ ಯಂತ್ರದ ಒಳಗೆ ಇದ್ದಿದ್ದು ಒಂದು ರೋಬೋ ತೋಳು. ಗೋಂದು ಹಚ್ಚುವ ಕೆಲಸಕ್ಕೆ ಮಾಡಿದ ತೋಳನ್ನು ತಂದು, ಅದಕ್ಕೆ ರಕ್ತ ಹೀರುವ ಕೊಳವೆ ಕಟ್ಟಿ ಶುರು ಮಾಡಿದ್ದರು. ಅದು ಮಾಡುತ್ತಿದ್ದದ್ದು ಒಂದೇ ಬಗೆಯ, ಬೆರಳೆಣಿಕೆಯ ಪರೀಕ್ಷೆಗಳನ್ನು. ಉಳಿದಿದ್ದಕ್ಕೆಲ್ಲ ಸೀಮೆನ್ಸ್‌ನಂಥ ಬೇರೆ ಕಂಪನಿಗಳ ಯಂತ್ರವನ್ನೇ ಬಳಸಿದರು. ಬೆರಳಿಂದ ಬಂದ ಚೂರು ರಕ್ತವನ್ನು ನೀರು ಮಾಡಿ ಆ ಯಂತ್ರಗಳಿಗೆ ಸುರಿದರು. ಅಷ್ಟು ಸಣ್ಣ ಸ್ಯಾಂಪಲ್‌ಗೆ ಆ ಯಂತ್ರ ಮಾಡಿದ್ದೇ ಅಲ್ಲ. ಎಷ್ಟೋ ಜನರಿಗೆ ನಮ್ಮ ಹಾಗೆಯೇ ತೋಳಿಂದ ರಕ್ತ ತೆಗೆದರು.

ಲ್ಯಾಬ್ ಎರಡು ಭಾಗವಾಗಿತ್ತು. ಎಡಿಸನ್ ಇದ್ದ ಕೋಣೆಗೆ ‘ನಾರ್ಮಂಡಿ’ ಅಂತ ಹೆಸರು, ಹಳೇ ಯಂತ್ರಗಳ ಕೋಣೆಗೆ ‘ಜುರಾಸಿಕ್ ಪಾರ್ಕ್’ ಅಂತ. ಸರ್ಕಾರದ ಕಡೆಯವರು ತಪಾಸಣೆಗೆ ಬಂದಾಗ ಎಡಿಸನ್ ಇದ್ದ ಕೋಣೆಗೆ ಕರೆದುಕೊಂಡು ಹೋಗಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರತಿದಿನ ರೋಗಿಗಳ ಸ್ಯಾಂಪಲ್ ಹಾಕುವ ಮುಂಚೆ ನಾವು ಕಂಟ್ರೋಲ್ ಓಡಿಸುತ್ತೇವೆ. ಅಂದರೆ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಯಂತ್ರ ಅದನ್ನು ಸರಿ ಹೇಳಿದರೆ ಮಾತ್ರ ಮುಂದಿನ ಕೆಲಸ. ತಪ್ಪು ಹೇಳಿದರೆ ಯಂತ್ರ ತೊಳೆದು, ಹೊಂದಿಸಿ, ಮತ್ತೆ ಓಡಿಸಬೇಕು. ಹೊರಗೆ ಇಪ್ಪತ್ತು ಜನ ಕೂತಿದ್ದರೂ ಕಾಯಿಸಬೇಕು. ಇದಲ್ಲದೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಂಥ ಕಡೆಯಿಂದ ಬರುವ, ಉತ್ತರ ನಮಗೆ ಗೊತ್ತಿಲ್ಲದ ಸ್ಯಾಂಪಲ್ ಓಡಿಸಿ ತಿಂಗಳು ತಿಂಗಳು ಉತ್ತರ ಕಳಿಸಬೇಕು. ಥೆರಾನೋಸ್‌ನಲ್ಲಿ ಎರಿಕಾ ಚೆಂಗ್ ಎಂಬ ಹೊಸ ಹುಡುಗಿ ನೋಡಿದ್ದೇನು ಗೊತ್ತಾ? ಕಂಟ್ರೋಲ್ ತಪ್ಪು ಬಂದಾಗ, ಸರಿಹೋಗದ ಅಂಕಿಗಳನ್ನು ‘ಇವು ಲೆಕ್ಕಕ್ಕಿಲ್ಲ’ ಅಂತ ಅಳಿಸಿ, ಉಳಿದಿದ್ದನ್ನು ಇಟ್ಟುಕೊಂಡು ಮುಂದೆ ಹೋಗುತ್ತಿದ್ದರು. ಹೊರಗಿನ ಪರೀಕ್ಷೆಯ ಸ್ಯಾಂಪಲ್‌ಗಳ ಉತ್ತರವನ್ನು ಬೇರೆ ಕಂಪನಿ ಯಂತ್ರದಲ್ಲಿ ಮಾಡಿ ಕಳಿಸಿದರು. ಸರಣಿಯ ಆರನೇ ಕಂತಿನಲ್ಲಿ ಇದೆಲ್ಲ ಬರುತ್ತದೆ. ನಮ್ಮ ಕಸುಬಿನವರು ಯಾರೂ ಅದನ್ನು ಸುಮ್ಮನೆ ಕೂತು ನೋಡಲಾರರು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಅಷ್ಟು ದೊಡ್ಡ ದೊಡ್ಡವರು ಹೇಗೆ ನಂಬಿದರು?

ಕಂಪನಿಯ ಬೋರ್ಡ್‌ನಲ್ಲಿ ಯಾರಿದ್ದರು ಅಂತ ನೋಡಿ. ಅಮೆರಿಕದ ವಿದೇಶಾಂಗ ಮಂತ್ರಿಗಳಾಗಿದ್ದ ಜಾರ್ಜ್ ಶುಲ್ಟ್ಸ್, ಹೆನ್ರಿ ಕಿಸಿಂಜರ್. ರಕ್ಷಣಾ ಮಂತ್ರಿಯಾಗಿದ್ದ ವಿಲಿಯಂ ಪೆರ್ರಿ. ಜನರಲ್ ಜಿಮ್ ಮ್ಯಾಟಿಸ್. ರಕ್ತ ಪರೀಕ್ಷೆಯ ಕಂಪನಿಯ ಬೋರ್ಡ್‌ನಲ್ಲಿ ರಕ್ತ ಪರೀಕ್ಷೆ ಗೊತ್ತಿದ್ದವರು ಹುಡುಕಿದರೂ ಸಿಗುವುದಿಲ್ಲ. ವಾಲ್‌ಮಾರ್ಟ್‌ನ ವಾಲ್ಟನ್ ಕುಟುಂಬ 15 ಕೋಟಿ ಡಾಲರ್ ಹಾಕಿತು. ರೂಪರ್ಟ್ ಮರ್ಡೋಕ್ 12 ಕೋಟಿಗೂ ಜಾಸ್ತಿ ಹಾಕಿದರು. ಒಟ್ಟು 70 ಕೋಟಿ ಡಾಲರ್ ದಾಟಿತು. ದೊಡ್ಡವರೊಬ್ಬರು ಕೂತಿದ್ದಾರೆ ಅಂತ ಇನ್ನೊಬ್ಬ ದೊಡ್ಡವರು ಬಂದರು. ಒಳಗೆ ಹೋಗಿ ಯಂತ್ರದ ಮುಚ್ಚಳ ತೆಗೆದು ನೋಡಿದವರಿಲ್ಲ.

ನಾಲ್ಕನೇ ಕಂತು ಪೂರ್ತಿ ಇದೇ. ವಾಲ್‌ಗ್ರೀನ್ಸ್ ಅನ್ನುವ ಔಷಧಿ ಅಂಗಡಿಗಳ ಕಂಪನಿಯವರು ಥೆರಾನೋಸ್ ಕಚೇರಿಗೆ ಬರುತ್ತಾರೆ. ಲ್ಯಾಬ್ ನೋಡಬೇಕು ಅನ್ನುತ್ತಾರೆ. ತೋರಿಸುವುದಿಲ್ಲ. ಆದರೂ ಒಪ್ಪಂದ ಆಗುತ್ತದೆ. ಪ್ರತಿಸ್ಪರ್ಧಿ ಕಂಪನಿ ತಗೊಂಡುಬಿಟ್ಟರೆ ಅನ್ನುವ ಭಯ ಅವರಿಗೆ. 2013ರ ಸೆಪ್ಟೆಂಬರ್‌ನಲ್ಲಿ ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ನಿಜವಾದ ಜನರ ಬೆರಳು ಚುಚ್ಚುವುದು ಶುರುವಾಯಿತು. ಅರಿಜೋನಾ ರಾಜ್ಯದಲ್ಲೇ ಸುಮಾರು 40 ಅಂಗಡಿ.

ಆಮೇಲೆ ಹೋಮ್ಸ್ ಮೇಲೆ ಮೋಸದ ಕೇಸು ನಡೆದಾಗ ಕೋರ್ಟ್‌ನಲ್ಲಿ ಹೊರಬಂದ ಒಂದು ವಿಷಯ ನನಗೆ ಮರೆಯಲು ಆಗುತ್ತಿಲ್ಲ. ಫೈಜರ್ ಕಂಪನಿಯ ಲೋಗೋವನ್ನು ಹೋಮ್ಸ್ ತನ್ನದೇ ಕಂಪನಿ ಬರೆದ ವರದಿಯ ಮೇಲೆ ಅಂಟಿಸಿ ಹೂಡಿಕೆದಾರರಿಗೆ ಕಳಿಸಿದ್ದಳು. ಅದನ್ನು ಓದಿದವರು, ಫೈಜರ್‌ನವರೇ ಪರೀಕ್ಷೆ ಮಾಡಿ ಒಪ್ಪಿದ್ದಾರೆ ಅಂದುಕೊಂಡರು. ಲೋಗೋ ಹಾಕಿದ್ದು ತಾನೇ ಅಂತ ಆಕೆ ಸಾಕ್ಷಿಕಟ್ಟೆಯಲ್ಲಿ ಒಪ್ಪಿಕೊಂಡಳು.

ಥೆರಾನೋಸ್‌ನ ಸನ್ನಿ ಬಲ್ವಾನಿ ನಮ್ಮ ದೇಶದವನಾ?

ಇದನ್ನು ನಮ್ಮವರು ತಪ್ಪದೆ ಕೇಳುತ್ತಾರೆ. ಹುಟ್ಟಿದ್ದು ಪಾಕಿಸ್ತಾನದ ಸಿಂಧ್‌ನಲ್ಲಿ, ಸಿಂಧಿ ಹಿಂದೂ ಕುಟುಂಬ. ಆಮೇಲೆ ಮನೆಯವರು ಭಾರತಕ್ಕೆ ಬಂದರು. ಈತ ಅಮೆರಿಕಕ್ಕೆ ಓದಲು ಹೋಗಿ, ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡಿ, ಇಂಟರ್‌ನೆಟ್ ಕಂಪನಿಯೊಂದರಲ್ಲಿ ಸರಿಯಾದ ಹೊತ್ತಿಗೆ ದುಡ್ಡು ಮಾಡಿಕೊಂಡ. 2002ರಲ್ಲಿ ಬೀಜಿಂಗ್‌ನಲ್ಲಿ ಚೀನೀ ಭಾಷೆ ಕಲಿಯುವ ಶಿಬಿರದಲ್ಲಿ ಹೋಮ್ಸ್ ಪರಿಚಯ. ಆಗ ಆಕೆಗೆ 18, ಈತನಿಗೆ 37. ಇಬ್ಬರ ನಡುವೆ ಪ್ರೀತಿ ಇದ್ದದ್ದನ್ನು ಹೂಡಿಕೆದಾರರಿಗೂ ಬೋರ್ಡ್‌ಗೂ ಮುಚ್ಚಿಟ್ಟರು. 2009ರಲ್ಲಿ ಕಂಪನಿಗೆ ಬಂದು ಅಧ್ಯಕ್ಷನೂ ಆದ. ಲ್ಯಾಬ್ ಬಗ್ಗೆ ಈತನಿಗೆ ಏನೂ ಗೊತ್ತಿರಲಿಲ್ಲ, ಆದರೂ ಲ್ಯಾಬ್ ಈತನ ಕೈಯಲ್ಲೇ ಇತ್ತು.

ಆತ ತನಗೆ ಹಿಂಸೆ ಕೊಡುತ್ತಿದ್ದ ಅಂತ ಹೋಮ್ಸ್ ಕೋರ್ಟ್‌ನಲ್ಲಿ ಹೇಳಿದಳು. ಆತ ಅದನ್ನು ಅಲ್ಲಗಳೆದ.

ಪಾತ್ರ ಮಾಡಿದ್ದು ನವೀನ್ ಆಂಡ್ರ್ಯೂಸ್. ಲಂಡನ್‌ನಲ್ಲಿ ಹುಟ್ಟಿದ ಮಲಯಾಳಿ ಮೂಲದ ನಟ. ಒಂದೇ ಮಾತಿನಲ್ಲಿ ಪ್ರೀತಿ ಮತ್ತು ಬೆದರಿಕೆ ಎರಡನ್ನೂ ತೋರಿಸುತ್ತಾರೆ. ಅವರಿಗೆ ಇನ್ನೂ ಹೆಚ್ಚು ಹೊಗಳಿಕೆ ಸಿಗಬೇಕಿತ್ತು.

ಹೋಮ್ಸ್ ಪಾತ್ರವನ್ನು ಅಮಾಂಡಾ ಸೈಫ್ರೆಡ್ ಹೇಗೆ ಮಾಡಿದ್ದಾರೆ? ಆ ದಪ್ಪ ದನಿ ನಿಜವಾ?

ಬಹಳ ಚೆನ್ನಾಗಿ. ಮೊದಲು ಈ ಪಾತ್ರಕ್ಕೆ ಕೇಟ್ ಮೆಕಿನನ್ ಅವರನ್ನು ಗೊತ್ತು ಮಾಡಿದ್ದರು. ಅವರು ಬಿಟ್ಟ ಮೇಲೆ ಸೈಫ್ರೆಡ್ ಬಂದರು. 2022ರಲ್ಲಿ ಎಮ್ಮಿ ಪ್ರಶಸ್ತಿ, ಮರುವರ್ಷ ಗೋಲ್ಡನ್ ಗ್ಲೋಬ್ ಎರಡೂ ಬಂತು.

ದನಿಯ ಬಗ್ಗೆ ಜನ ಬಹಳ ಮಾತಾಡಿದ್ದಾರೆ. ಹೋಮ್ಸ್ ಮಾತಾಡುತ್ತಿದ್ದದ್ದು ಗಂಡಸಿನ ಹಾಗೆ ತಗ್ಗಿದ ದನಿಯಲ್ಲಿ. ಜೊತೆಗೆ ಕೆಲಸ ಮಾಡಿದ ಕೆಲವರು ಅದು ಬೇಕಂತಲೇ ಮಾಡಿದ್ದು ಅಂದಿದ್ದಾರೆ. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರ ಜೊತೆ ಮಾತಾಡುವಾಗ ಮಾಮೂಲಿ ಮೆಲುದನಿಯೇ ಇತ್ತಂತೆ. ಸರಣಿಯಲ್ಲಿ ಒಂದು ದೃಶ್ಯ ಇದೆ. ಕನ್ನಡಿ ಮುಂದೆ ಒಬ್ಬಳೇ ನಿಂತು, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾ ದನಿಯನ್ನು ಕೆಳಗೆ ಇಳಿಸುತ್ತಾಳೆ. ನಗು ಬರುವ ಹಾಗೆ ಮಾಡಬಹುದಿತ್ತು. ಸೈಫ್ರೆಡ್ ಹಾಗೆ ಮಾಡಿಲ್ಲ. ಗಂಡಸರೇ ತುಂಬಿದ ಕೋಣೆಯಲ್ಲಿ ತನ್ನ ಮಾತು ಯಾರಿಗೂ ಕೇಳಿಸುತ್ತಿಲ್ಲ ಅಂತ ಗೊತ್ತಾದ ಹುಡುಗಿಯ ಕಷ್ಟ ಅದರಲ್ಲಿ ಕಾಣುತ್ತದೆ.

ಇಯಾನ್ ಗಿಬ್ಬನ್ಸ್ ನಿಜವಾಗಿ ಇದ್ದವರಾ?

ಹೌದು. ಬ್ರಿಟಿಷ್ ಜೀವರಸಾಯನ ವಿಜ್ಞಾನಿ. 2005ರಲ್ಲಿ ಥೆರಾನೋಸ್ ಸೇರಿದರು. ಯಂತ್ರ ಸಿದ್ಧವಾಗಿಲ್ಲ, ರೋಗಿಗಳ ಮೇಲೆ ಬಳಸಬೇಡಿ ಅಂತ ಒಳಗೇ ಹೇಳಿದವರಲ್ಲಿ ಅವರೂ ಒಬ್ಬರು. ಅವರನ್ನು ಮೂಲೆಗೆ ತಳ್ಳಿದರು. 2013ರ ಮೇ ತಿಂಗಳಲ್ಲಿ, ಪೇಟೆಂಟ್ ಮೊಕದ್ದಮೆಯಲ್ಲಿ ಹೇಳಿಕೆ ಕೊಡಬೇಕಿದ್ದ ಹೊತ್ತಿನಲ್ಲೇ, ಅವರು ಆತ್ಮಹತ್ಯೆ ಮಾಡಿಕೊಂಡರು. ಕಂಪನಿಯಿಂದ ಹೆಂಡತಿಗೆ ಬಂದದ್ದು ಲ್ಯಾಪ್‌ಟಾಪ್, ಕಾಗದಪತ್ರ ವಾಪಸ್ ಕೊಡಿ ಅನ್ನುವ ಮಾತು.

ಸ್ಟೀಫನ್ ಫ್ರೈ ಈ ಪಾತ್ರ ಮಾಡಿದ್ದಾರೆ. ನನಗೆ ಇಡೀ ಸರಣಿಯಲ್ಲಿ ಹತ್ತಿರವಾದವರು ಇವರೇ. ಪೈಪೆಟ್ ಹಿಡಿದು ಬೆಳಕಿಗೆ ಎತ್ತಿ ನೋಡುವಾಗ ಅವರ ಮುಖ ನೋಡಿ. ಕೆಲಸ ಪ್ರೀತಿಸುವವರ ಮುಖ ಹಾಗೇ ಇರುತ್ತದೆ.

ಇದನ್ನು ಬಯಲಿಗೆ ತಂದವರು ಯಾರು?

ಎರಿಕಾ ಚೆಂಗ್ ಮತ್ತು ಟೈಲರ್ ಶುಲ್ಟ್ಸ್. ಇಬ್ಬರೂ ಆಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರು. ಟೈಲರ್, ಬೋರ್ಡ್‌ನಲ್ಲಿದ್ದ ಜಾರ್ಜ್ ಶುಲ್ಟ್ಸ್ ಅವರ ಮೊಮ್ಮಗ. ತಾತನ ಮನೆಗೇ ಹೋಗಿ ಹೇಳಿದರೂ ತಾತ ನಂಬಲಿಲ್ಲ, ಹೋಮ್ಸ್‌ಳನ್ನು ನಂಬಿದರು. ಕಂಪನಿಯ ವಕೀಲರು ಹುಡುಗನ ಬೆನ್ನು ಹತ್ತಿದರು. ತಂದೆ ತಾಯಿ ವಕೀಲರ ಖರ್ಚಿಗೆ ಲಕ್ಷಾಂತರ ಡಾಲರ್ ಸುರಿಯಬೇಕಾಯಿತು. ಏಳನೇ ಕಂತಿನಲ್ಲಿ ತಾತ ಮೊಮ್ಮಗ ಎದುರುಬದುರು ಕೂತ ದೃಶ್ಯ ನೋಡುವಾಗ ಕಣ್ಣು ಒದ್ದೆಯಾಗುತ್ತದೆ.

ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಜಾನ್ ಕ್ಯಾರಿರೂ 2015ರ ಅಕ್ಟೋಬರ್‌ನಲ್ಲಿ ಮೊದಲ ವರದಿ ಬರೆದರು. ಪತ್ರಿಕೆಯ ಒಡೆಯ ಮರ್ಡೋಕ್, ಅಂದರೆ ಥೆರಾನೋಸ್‌ನಲ್ಲಿ ದುಡ್ಡು ಹಾಕಿದ ಅದೇ ಮರ್ಡೋಕ್. ವರದಿ ತಡೆಯಿರಿ ಅಂತ ಹೋಮ್ಸ್ ಕೇಳಿಕೊಂಡಳು. ಅವರು ಕೈ ಹಾಕಲಿಲ್ಲ. ಎರಿಕಾ ಸರ್ಕಾರಕ್ಕೆ ಪತ್ರ ಬರೆದ ಮೇಲೆ ತಪಾಸಣೆ ಆಯಿತು. 2016ರಲ್ಲಿ ಹೋಮ್ಸ್‌ಗೆ ಎರಡು ವರ್ಷ ಲ್ಯಾಬ್ ನಡೆಸದಂತೆ ನಿಷೇಧ ಬಂತು. 2018ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮುಚ್ಚಿತು.

ನನ್ನ ಅಕ್ಕನ ಮಗ ಅಲ್ಲೇ ಹತ್ತಿರ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದ್ದಾನೆ. “ಚಿಕ್ಕಮ್ಮ, ಪೇಜ್ ಮಿಲ್ ರೋಡ್‌ನಲ್ಲಿದ್ದ ಅವರ ಆಫೀಸ್ ಮುಂದೇನೇ ನಾನು ಎಷ್ಟೋ ಸಲ ಹೋಗಿದ್ದೀನಿ, ಗೊತ್ತೇ ಇರಲಿಲ್ಲ” ಅಂದ.

ಸರಣಿಯಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು?

ದೊಡ್ಡ ಘಟನೆಗಳೆಲ್ಲ ನಡೆದದ್ದೇ. ಸ್ವಿಟ್ಜರ್ಲೆಂಡ್‌ಗೆ ಹೋಗಿ ಔಷಧಿ ಕಂಪನಿಯ ಮುಂದೆ ಯಂತ್ರ ಕೆಟ್ಟು, ಸುಳ್ಳು ಫಲಿತಾಂಶ ತೋರಿಸಿದ್ದು ಕೂಡ. ಹೋಮ್ಸ್ ಮತ್ತು ಬಲ್ವಾನಿ ಒಬ್ಬರಿಗೊಬ್ಬರು ಕಳಿಸಿದ ಮೆಸೇಜ್‌ಗಳು ಕೋರ್ಟ್‌ನಲ್ಲಿ ಹೊರಬಂದವು. ಬರಹಗಾರರು ಅವನ್ನೂ ಬಳಸಿಕೊಂಡಿದ್ದಾರೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಆಡುವ ಮಾತುಗಳು ಬರೆದವರ ಊಹೆ. ಕೆಲವು ಪಾತ್ರಗಳು ಹಲವರನ್ನು ಸೇರಿಸಿ ಮಾಡಿದ್ದು. ಕಂಪನಿಯ ವಕೀಲೆ ಲಿಂಡಾ ಟ್ಯಾನರ್ ಅನ್ನುವ ಹೆಸರಿನವರು ನಿಜದಲ್ಲಿ ಇರಲಿಲ್ಲ.

ರೋಗಿಗಳಿಗೆ ಏನಾಯಿತು?

ಈ ಪ್ರಶ್ನೆಯನ್ನು ನನ್ನನ್ನು ಇಬ್ಬರೇ ಕೇಳಿದ್ದಾರೆ. ಇಬ್ಬರೂ ನರ್ಸ್‌ಗಳು. ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು ಅಂತ ನನಗೆ ಅನ್ನಿಸುತ್ತದೆ.

ಅರಿಜೋನಾದಲ್ಲಿ ಒಬ್ಬ ಗರ್ಭಿಣಿ. ಅದಕ್ಕೆ ಮುಂಚೆ ಮೂರು ಸಲ ಗರ್ಭ ನಿಂತಿರಲಿಲ್ಲ. ಗರ್ಭ ನಿಂತ ಮೊದಲ ವಾರಗಳಲ್ಲಿ ರಕ್ತದಲ್ಲಿ ಎಚ್‌ಸಿಜಿ ಅನ್ನುವ ಹಾರ್ಮೋನ್ ದಿನದಿಂದ ದಿನಕ್ಕೆ ಏರಬೇಕು. ಥೆರಾನೋಸ್ ರಿಪೋರ್ಟ್‌ನಲ್ಲಿ ಅದು ಧಡಕ್ಕನೆ ಇಳಿದಿತ್ತು. ಅಂದರೆ ಮಗು ಹೋಯಿತು ಅಂತ ಅರ್ಥ. ಬೇರೆ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿದರು. ಮಗು ಚೆನ್ನಾಗಿಯೇ ಇತ್ತು, ಹುಟ್ಟಿತು ಕೂಡ. ಆ ತಾಯಿ 2021ರಲ್ಲಿ ಕೋರ್ಟ್‌ಗೆ ಬಂದು ಇದನ್ನೆಲ್ಲ ಹೇಳಿದರು. ಇಂಥ ರಿಪೋರ್ಟ್ ಕೈಗೆ ಬಂದ ಮನೆ ಆ ಒಂದೆರಡು ದಿನ ಹೇಗಿರುತ್ತದೆ ಅಂತ ನಮಗೆ ಗೊತ್ತು. ಕೌಂಟರ್ ಈಚೆ ಕೂತು ನೋಡಿದ್ದೇವೆ.

2016ರಲ್ಲಿ ಥೆರಾನೋಸ್ ತಾನೇ ಎಡಿಸನ್‌ನ ಎರಡು ವರ್ಷದ ಫಲಿತಾಂಶಗಳನ್ನು ರದ್ದು ಮಾಡಿತು. ಅರಿಜೋನಾ ಸರ್ಕಾರದ ಜೊತೆ ರಾಜಿಯಾಗಿ, 2017ರಲ್ಲಿ 1.75 ಲಕ್ಷಕ್ಕೂ ಹೆಚ್ಚು ಜನರಿಗೆ ಒಟ್ಟು 46.5 ಲಕ್ಷ ಡಾಲರ್ ವಾಪಸ್ ಕೊಡಲು ಒಪ್ಪಿತು. ಅಷ್ಟು ಜನರಲ್ಲಿ ಯಾರು ಆ ರಿಪೋರ್ಟ್ ನಂಬಿ ಮಾತ್ರೆ ನಿಲ್ಲಿಸಿದರು, ಯಾರು ಬೇಡದ ಮಾತ್ರೆ ನುಂಗಿದರು ಅಂತ ಲೆಕ್ಕ ಹಾಕಿದವರಿಲ್ಲ.

ಸರಣಿಯ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಎಂಟು ಕಂತಿನಲ್ಲಿ ಬೋರ್ಡ್ ರೂಮಿಗೆ ಎಷ್ಟು ಸಲ ಹೋಗುತ್ತೇವೆ, ಪಾರ್ಟಿಗೆ ಎಷ್ಟು ಸಲ ಹೋಗುತ್ತೇವೆ. ವಾಲ್‌ಗ್ರೀನ್ಸ್‌ಗೆ ಬಂದು ಬೆರಳು ಕೊಟ್ಟ ಒಬ್ಬ ರೋಗಿಯ ಮನೆಗೆ ಹೋಗಿ ಕೂರುವುದೇ ಇಲ್ಲ. ಒಂದೇ ಒಂದು ಕಂತು ಅವರಿಗೆ ಕೊಟ್ಟಿದ್ದರೆ ಸರಣಿಯ ತೂಕವೇ ಬೇರೆ ಆಗುತ್ತಿತ್ತು.

ಕೊನೆಗೆ ಶಿಕ್ಷೆ ಏನಾಯಿತು?

ಸರಣಿ ವಿಚಾರಣೆಯವರೆಗೆ ಹೋಗುವುದಿಲ್ಲ. ಕೊನೆಯಲ್ಲಿ ಬರಹದ ಸಾಲುಗಳು ಮಾತ್ರ ಬರುತ್ತವೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವಿಚಾರಣೆ ನಡೆಯಿತು. 2022ರ ಜನವರಿ 3ರಂದು ಜ್ಯೂರಿ, 11 ಆರೋಪಗಳಲ್ಲಿ ನಾಲ್ಕರಲ್ಲಿ ಹೋಮ್ಸ್ ತಪ್ಪಿತಸ್ಥೆ ಅಂದಿತು. ನಾಲ್ಕೂ ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಮಾಡಿದ ಆರೋಪದಲ್ಲಿ ಬಿಡುಗಡೆ. ಮೂರರಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. 11 ವರ್ಷ 3 ತಿಂಗಳು ಜೈಲು. 2023ರ ಮೇ 30ಕ್ಕೆ ಟೆಕ್ಸಾಸ್‌ನ ಬ್ರಯನ್ ಊರಿನ ಜೈಲಿಗೆ ಹೋದಳು. ಬಲ್ವಾನಿಯದು ಬೇರೆ ವಿಚಾರಣೆ. ರೋಗಿಗಳ ವಿಷಯವೂ ಸೇರಿ 12 ಆರೋಪಗಳಲ್ಲೂ ತಪ್ಪಿತಸ್ಥ, 12 ವರ್ಷ 11 ತಿಂಗಳು. ಇಬ್ಬರೂ ಸೇರಿ 45.2 ಕೋಟಿ ಡಾಲರ್ ಕಟ್ಟಿಕೊಡಬೇಕು ಅಂತ ಆದೇಶ. 2025ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟ್ ಇಬ್ಬರ ಶಿಕ್ಷೆಯನ್ನೂ ಎತ್ತಿಹಿಡಿಯಿತು.

ಆಕೆಯ ಮೇಲೆ ಕರುಣೆ ಬರುವ ಹಾಗೆ ಮಾಡಿದ್ದಾರೆ ಅಂತ ಕೆಲವರು ಬೈತಾರೆ. ನಿಜವಾ?

ಮೊದಲ ಎರಡು ಕಂತಿನಲ್ಲಿ ನನಗೂ ಪಾಪ ಅನ್ನಿಸಿತು. ತಂದೆ ಕೆಲಸ ಮಾಡುತ್ತಿದ್ದ ಎನ್ರಾನ್ ಕಂಪನಿ ಮುಳುಗಿ ಮನೆ ಕಂಗಾಲಾಗಿರುತ್ತದೆ. ಹುಡುಗಿಗೆ ಏನಾದರೂ ದೊಡ್ಡದು ಮಾಡಬೇಕು ಅನ್ನುವ ಆತುರ. ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಆಮೇಲೆ ಕಂತಿನಿಂದ ಕಂತಿಗೆ ಆ ಕರುಣೆ ಕರಗುತ್ತಾ ಹೋಗುತ್ತದೆ, ಯಾವಾಗ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಕೊನೆಯ ಕಂತಿನಲ್ಲಿ ಖಾಲಿ ಆಫೀಸಿನಲ್ಲಿ ಆಕೆ ತನ್ನ ನಾಯಿ ಹಿಡಿದುಕೊಂಡು ಹೊರಟಿರುತ್ತಾಳೆ. ವಕೀಲೆ ಹಿಂದಿನಿಂದ ಬಂದು, ನೀನು ಜನರಿಗೆ ನೋವು ಕೊಟ್ಟೆ ಅಂತ ಕೂಗುತ್ತಾಳೆ. ಈಕೆ ತಿರುಗಿ ನೋಡದೆ ನಡೆಯುತ್ತಾಳೆ. ಹೊರಗೆ ಬಂದು ಒಬ್ಬಳೇ ಕಿರುಚುತ್ತಾಳೆ. ಮರುಕ್ಷಣ ಮುಖ ಸರಿ ಮಾಡಿಕೊಂಡು ಬಾಡಿಗೆ ಕಾರು ಹತ್ತಿ, ಡ್ರೈವರ್‌ಗೆ ತನ್ನ ಹೆಸರು ‘ಲಿಜ್ಜಿ’ ಅನ್ನುತ್ತಾಳೆ. ಕರುಣೆ ಬರಲಿಲ್ಲ. ಭಯ ಆಯಿತು.

ಮಕ್ಕಳ ಜೊತೆ ನೋಡಬಹುದಾ?

ಚಿಕ್ಕವರ ಜೊತೆ ಬೇಡ. ಆತ್ಮಹತ್ಯೆ ಬರುತ್ತದೆ, ಲೈಂಗಿಕ ದೌರ್ಜನ್ಯದ ವಿಷಯ ಬರುತ್ತದೆ, ಕೆಟ್ಟ ಬೈಗುಳ ಇದೆ. ಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಕೋರ್ಸ್), ನರ್ಸಿಂಗ್ ಓದುವ ಮಕ್ಕಳು ಖಂಡಿತ ನೋಡಲಿ. ನಮ್ಮಲ್ಲಿ ಟ್ರೈನಿಂಗ್‌ಗೆ ಬಂದ ಇಬ್ಬರು ಹುಡುಗಿಯರಿಗೆ ಆರನೇ ಕಂತು ನೋಡಲೇಬೇಕು ಅಂತ ನಾನೇ ಹೇಳಿದ್ದೇನೆ.

ಇದನ್ನೆಲ್ಲ ನೋಡಿದ ಮೇಲೆ ಲ್ಯಾಬ್ ರಿಪೋರ್ಟ್ ನಂಬೋದು ಹೇಗೆ?

ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಇವತ್ತು ಕಂಟ್ರೋಲ್ ಓಡಿಸಿದ್ದೀರಾ ಅಂತ ಕೇಳಿದರೆ ಒಳ್ಳೆಯ ಲ್ಯಾಬಿನವರು ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆಯಾ ಅಂತ ನೋಡಿ. ರಿಪೋರ್ಟ್ ನಿಮ್ಮ ಮೈಗೆ ಅನ್ನಿಸುವುದಕ್ಕೂ ಡಾಕ್ಟರ್ ಹೇಳುವುದಕ್ಕೂ ತಾಳೆ ಆಗದಿದ್ದರೆ, ಹೊಸದಾಗಿ ರಕ್ತ ಕೊಟ್ಟು ಇನ್ನೊಂದು ಸಲ ಮಾಡಿಸಿ. ಸ್ಯಾಂಪಲ್ ಸರಿ ಇಲ್ಲ, ಮತ್ತೆ ಚುಚ್ಚಬೇಕು ಅಂತ ನಾವು ಫೋನ್ ಮಾಡಿದರೆ ದಯವಿಟ್ಟು ಬೈಯಬೇಡಿ. ನಿಮ್ಮ ಒಳ್ಳೆಯದಕ್ಕೇ ಕರೆದಿರುತ್ತೇವೆ.

ನಿಮ್ಮ ಲ್ಯಾಬ್‌ನಲ್ಲಿ ಬೆರಳು ಚುಚ್ಚಿ ಏನೇನು ಮಾಡ್ತೀರಿ?

ಶುಗರ್, ಹಿಮೋಗ್ಲೋಬಿನ್, ಮಲೇರಿಯಾ. ಹಸುಗೂಸುಗಳಿಗೆ ಹಿಮ್ಮಡಿ ಚುಚ್ಚುತ್ತೇವೆ. ಉಳಿದಿದ್ದಕ್ಕೆಲ್ಲ ತೋಳು ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಕಾದವರು ತಿಂಡಿ, ಕಾಫಿ ಬಿಡಿ, ನೀರು ಬಿಡಬೇಡಿ. ಮನೆಯಿಂದ ಹೊರಡುವಾಗ ಎರಡು ಲೋಟ ನೀರು ಕುಡಿದು ಬನ್ನಿ. ನರ ಬೇಗ ಸಿಗುತ್ತದೆ, ಒಂದೇ ಸಲಕ್ಕೆ ಮುಗಿಸಿಕೊಡುತ್ತೇನೆ.